ಕುಂಕುಮದ ಮೇಲೆ ಬಂದ ದೂರು

"ಈ ಡಬ್ಬಿಗೆ ಕುಂಕುಮ ಇಟ್ಟೋರು ಯಾರ್ರೀ?"

ಸರ್ವರ್ ರೂಮಿನಲ್ಲಿ ಎದ್ದ ಆ ದನಿಗೆ, ಫ್ಯಾಕ್ಟರಿಯ ಕಂಪ್ಯೂಟರ್ ನೋಡಿಕೊಳ್ಳುವ ದಾಕ್ಷಾಯಣಿ ಗಕ್ಕನೆ ತಿರುಗಿದಳು. ಕುಣಿಗಲ್ಲಿನ ಅಂಜನ್‌ಕುಮಾರ್, ಫೈರ್‌ವಾಲ್ ರಿಪೇರಿಗೆ ಬಂದ ಸರ್ವಿಸ್ ಎಂಜಿನಿಯರ್. ಕಣ್ಣುಗಳೇನೋ ಚೆನ್ನಾಗಿದ್ದವು, ಬಾಯಿ ಮಾತ್ರ... ಅಬ್ಬಬ್ಬಾ!

"ನಾನೇ. ಆಯುಧಪೂಜೆ ದಿನ ಇಟ್ಟಿದ್ದು. ಏನೀಗ?"

"ಪುಡಿ ಒಳಗ್ ಹೋಗಿದೆ. ಅದಕ್ಕೇ ಆಗಾಗ ಆಫ್ ಆಗ್ತಿದೆ."

ಕುಂಕುಮ ಒರೆಸಿ, ಹಾಗಂತ ರಿಪೋರ್ಟಿನಲ್ಲೂ ಬರೆದೇಬಿಟ್ಟ, ಪುಣ್ಯಾತ್ಮ!

ತುಮಕೂರಿನ ವಸಂತನರಸಾಪುರದ ಆ ಫ್ಯಾಕ್ಟರಿಗೆ ಇಂಟರ್ನೆಟ್ಟಿನಿಂದ ಕಳ್ಳರು ನುಗ್ಗದಂತೆ ಕಾಯುವ ಡಬ್ಬಿ ಅದು. ಅದು ಆಫ್ ಆದರೆ ಬಿಲ್ ಬರುವುದಿಲ್ಲ, ಲಾರಿ ಗೇಟು ದಾಟುವುದಿಲ್ಲ. ಮ್ಯಾನೇಜರ್ ಗಂಗಾಧರ್ ಎಲ್ಲರೆದುರೇ ಅಂದರು: "ಇನ್ನೊಂದ್ ಸಲ ಹಿಂಗಾದ್ರೆ ಕೆಲ್ಸ ಬಿಟ್ಟು ನಿಮ್ಮೂರು ಗುಬ್ಬಿಗೆ ಹೋಗಮ್ಮ."

ಕಣ್ಣು ತುಂಬಿತು. ಆದರೆ ಅಳಲಿಲ್ಲ ನಮ್ಮ ಹುಡುಗಿ!

ಹತ್ತು ದಿನ ಡಬ್ಬಿ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್‌ಗಳನ್ನು ಜಾಲಾಡಿದಳು. ಪ್ರತಿ ಸಲ ಆಫ್ ಆಗುವ ಮುಂಚೆ ಹೊರಗಿನಿಂದ ಯಾರೋ ಅದರ ಲಾಗಿನ್ ಪುಟಕ್ಕೆ ತಲೆಬುಡವಿಲ್ಲದ ಒಂದು ರಿಕ್ವೆಸ್ಟ್ ಕಳಿಸಿದ್ದರು. ಸ್ಟೋರಿನಿಂದ ಅದೇ ಮಾಡೆಲ್ಲಿನ, ಕುಂಕುಮವನ್ನೇ ಕಾಣದ ಹೊಸ ಡಬ್ಬಿ ತಂದಳು. ಅಂಜನ್‌ನನ್ನು ಕರೆಸಿ, ಅವನ ಕಣ್ಣೆದುರೇ ಅದರ ಲಾಗಿನ್ ಪುಟಕ್ಕೂ ಅಂಥದ್ದೇ ಒಂದು ರಿಕ್ವೆಸ್ಟ್ ಕಳಿಸಿದಳು.

ಹೊಸ ಡಬ್ಬಿಯೂ ಆಫ್!

ಅಂಜನ್ ಮುಖ ಪೆಚ್ಚಾಯಿತು. "ಇದು ತಯಾರಿಸಿದೋರ ಸಾಫ್ಟ್‌ವೇರ್ ದೋಷ ಕಣ್ರೀ... ನಾನ್ ಅವರಿಗೆ ತಿಳಿಸ್ತೀನಿ, ಅವರು ಸರಿಮಾಡೋವರ್ಗೂ ಬೇರೆ ಯಾರಿಗೂ ಹೇಳ್ಬೇಡಿ. ಕಳ್ಳರಿಗೆ ಗೊತ್ತಾದ್ರೆ ಇಂಥಾ ಡಬ್ಬಿ ಇರೋ ಎಲ್ಲಾ ಕಡೆನೂ ಆಫ್ ಮಾಡಿಸ್ತಾರೆ."

'ಮಾನ ಉಳಿಸ್ಕೊಳ್ಳೋ ನಾಟಕ!' ಎಂದುಕೊಂಡಳು. ಆದರೂ ಬಾಯಿ ಬಿಡಲಿಲ್ಲ.

ಅವತ್ತೇ ಹಳೇ ಡಬ್ಬಿಯ ಲಾಗಿನ್ ಪುಟ ಹೊರಗಿನವರಿಗೆ ಸಿಗದಂತೆ ಮುಚ್ಚಿದಳು. ಅದು ಮತ್ತೆ ಆಫ್ ಆಗಲಿಲ್ಲ.

"ಕುಂಕುಮ ಒರೆಸಿದ್ಮೇಲೆ ಸರಿಹೋಯ್ತು ನೋಡ್ರಲಾ!" ಎಂದು ಕ್ಯಾಂಟೀನಿನಲ್ಲಿ ನಕ್ಕರು.

ನಲವತ್ತು ದಿನ ಆ ನಗೆ ನುಂಗಿದಳು. ಅಂಜನ್ ಫೋನ್ ಮಾಡಿದರೆ ಎತ್ತಲಿಲ್ಲ. ಅವನ ನೆನಪಾದರೆ ಕೋಪ ಬರುತ್ತಿತ್ತು... ಬರೀ ಕೋಪವಾಗಿದ್ದರೆ ಅಷ್ಟು ಸಲ ನೆನಪೇಕೆ ಆಗಬೇಕು?

ನಲವತ್ತೊಂದನೇ ದಿನ ಅವನೇ ಬಂದ. ಅವಳನ್ನೂ ಕರೆದುಕೊಂಡು ನೇರ ಗಂಗಾಧರ್ ಕ್ಯಾಬಿನ್ನಿಗೆ ನುಗ್ಗಿದ.

"ಸರ್, ಡಬ್ಬಿ ಆಫ್ ಆಗ್ತಿದ್ದಿದ್ದು ಸಾಫ್ಟ್‌ವೇರ್ ದೋಷಕ್ಕೆ. ಅದನ್ನ ಸರಿಮಾಡಿದೀವಿ ಅಂತ ಡಬ್ಬಿ ಕಂಪನಿ ಲೋಕಕ್ಕೆಲ್ಲಾ ನೋಟಿಸ್ ಕೊಟ್ಟಿದೆ. ಕಂಡುಹಿಡಿದೋರ ಹೆಸರು ಓದಿ."

"ದಾಕ್ಷಾಯಣಿ... ತುಮಕೂರು!"

"ನಾನ್ ಬರೆದಿದ್ದು ತಪ್ಪು ಅಂತ ಸೈನ್ ಹಾಕಿ ತಂದಿದೀನಿ. ಕ್ಯಾಂಟೀನ್ ಬೋರ್ಡಿಗೆ ಅಂಟಿಸಿ."

ಗಂಗಾಧರ್ ಎದ್ದು ನಿಂತರು. "ತಪ್ಪಾಯ್ತಮ್ಮಾ."

ದಾಕ್ಷಾಯಣಿ ತಲೆಯೆತ್ತಿ ನಿಂತಳು. ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು.

ಸರ್ವರ್ ರೂಮಿನಲ್ಲಿ ಅಂಜನ್ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದ. "ಮತ್ತೆ ನೀವೇ ಇಡಿ."

"ಪುಡಿ ಒಳಗ್ ಹೋದ್ರೆ?"

"ಹೋಗ್ಲಿ ಬಿಡಿ... ದಾಕ್ಷಾಯಣಿ, ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಡಬ್ಬಿಗೆ ಪುಟ್ಟದೊಂದು ಬೊಟ್ಟಿಟ್ಟಳು.

"ಹಂಗಾದ್ರೆ ನಿಮ್ಮಮ್ಮನ್ನ ಗುಬ್ಬಿಗೆ ಕರ್ಕೊಂಡ್ ಬನ್ನಿ. ಮೊದಲ್ನೇ ದಿನ ಏನ್ ಬರೆದ್ರಿ ಅಂತ ನಮ್ಮಪ್ಪಂಗೆ ನೀವೇ ಹೇಳ್ಬೇಕು!"

"ಹೇಳ್ತೀನಿ. ಆದ್ರೆ ಮೊದ್ಲು ನಿಮ್ಮ ಹೆಸರಿರೋ ನೋಟಿಸ್ ಓದ್ತೀನಿ... ಜೋರಾಗಿ!"