ಎಂಟನೆಯ ಅವರೆ

“ಮತ್ತೆ ಅದೇ ಜಾಗ!”

ಡಾಕ್ಟರ್ ಸಂಪತ್ ಎರಡು ಎಕ್ಸ್‌ರೇಗಳನ್ನು ಅಕ್ಕಪಕ್ಕ ಹಿಡಿದರು. ಎರಡರಲ್ಲೂ ಗೌತಮನ ಬಲ ಶ್ವಾಸಕೋಶದ ಕೆಳಮೂಲೆಯಲ್ಲಿ ಒಂದೇ ಆಕಾರದ ಬಿಳಿ ಮಚ್ಚೆ.

“ಹೋದ ತಿಂಗಳು ಔಷಧಿಗೆ ಜ್ವರ ಬಿಟ್ಟಿತ್ತಲ್ಲ ಸಾರ್?” ಎಂದರು ಅಮ್ಮ.

“ಬಿಟ್ಟಿತ್ತು. ತಿರುಗಿ ಬಂದಿದೆ, ಅದೂ ಅಲ್ಲೇ! ಏನೋ ಗೌತಮ್, ತಿನ್ನೋವಾಗ ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡಿತ್ತಾ?”

ಆರು ವರ್ಷದ ಗೌತಮ್ ಕೆಮ್ಮಿದ. ಅಕ್ಕನ ಕಡೆಗೊಮ್ಮೆ ನೋಡಿ, ಇಲ್ಲವೆಂದು ತಲೆಯಾಡಿಸಿದ.

ಅಕ್ಕ ಕೀರ್ತನಾ ತಲೆ ತಗ್ಗಿಸಿದಳು.

ಡಿಸೆಂಬರಿನ ಆ ಭಾನುವಾರ, ಚಂದ್ರಾ ಲೇಔಟಿನ ಮನೆಯಲ್ಲಿ ಅಜ್ಜಿ ಅಕ್ಕಯ್ಯಮ್ಮ ಹಿತಕಿದ ಬೇಳೆ ಸಾರಿಗೆಂದು ಅವರೆಕಾಳು ನೆನೆಹಾಕಿದ್ದರು. ನೆನೆದ ಕಾಳನ್ನು ಹಿತಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಹಾರುತ್ತದೆ. ಅಜ್ಜಿ ಒಳಗೆ ಹೋದದ್ದೇ ತಡ, ಕೀರ್ತನಾ ಗುರಿಯಿಟ್ಟಳು, ಗೌತಮ್ ಬಾಯಿ ತೆರೆದ. ಏಳು ಗೋಲ್! ಎಂಟನೆಯದಕ್ಕೆ ಅವನು ನಕ್ಕುಬಿಟ್ಟ. ಉಸಿರು ಕಟ್ಟಿತು, ಕೆಮ್ಮು ಉಕ್ಕಿತು, ಕಣ್ಣು ಕೆಂಪಾಯಿತು. ಆಮೇಲೆ ಸರಿಹೋಯಿತು.

“ಹೊಟ್ಟೆಗೆ ಹೋಯ್ತು ಬಿಡೋ. ಯಾರಿಗೂ ಹೇಳ್ಬೇಡ, ಪ್ರಾಮಿಸ್?”

“ಪ್ರಾಮಿಸ್.”

ಈಗ ಡಾಕ್ಟರ್ ಪೆನ್ನು ಕೈಗೆತ್ತಿಕೊಂಡರು. “ಬೇರೆ ಔಷಧಿ ನೋಡೋಣ.” ಚೀಟಿಯ ಮೇಲೆ ಒಂದು ಸಾಲು ಮುಗಿಯಿತು. ಎರಡನೆಯದು ಶುರುವಾಯಿತು. ಗೌತಮ್ ತುಟಿ ಬಿಗಿದುಕೊಂಡು ಕೂತಿದ್ದ.

“ಸಾರ್!” ಕೀರ್ತನಾ ಮೇಜಿನ ಹತ್ತಿರ ಬಂದಳು. “ಅವರೆಬೇಳೆ. ನಾನೇ ಅವನ ಬಾಯಿಗೆ ಹಾರಿಸಿದ್ದು.”

ಪೆನ್ನು ನಿಂತಿತು.

“ಅಯ್ಯೋ, ಇಷ್ಟು ದಿನ ಬಾಯಿ ಬಿಡಲಿಲ್ವಲ್ಲೇ!” ಎಂದರು ಅಮ್ಮ.

“ಬೈಬೇಡಿ. ಬೇಳೆ ಎಕ್ಸ್‌ರೇಲಿ ಕಾಣಲ್ಲ, ಅದರಿಂದಾದ ಸೋಂಕು ಮಾತ್ರ ಕಾಣತ್ತೆ. ಇವಳು ಹೇಳದಿದ್ರೆ ನಾನು ಔಷಧಿ ಬದಲಾಯಿಸ್ತಾನೇ ಇರ್ತಿದ್ದೆ.”

ಮರುದಿನ ಗೌತಮನಿಗೆ ನಿದ್ದೆ ಬರಿಸಿ, ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು ಶ್ವಾಸನಾಳದೊಳಗೆ ಇಳಿಸಿದರು. ಹೊರಗೆ ಕೀರ್ತನಾ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು. ಹತ್ತು ನಿಮಿಷ. ಇಪ್ಪತ್ತು. ನಲವತ್ತು.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರ ಕೈಯಲ್ಲಿ ಪುಟ್ಟ ಸೀಸೆ. ಅದರಲ್ಲಿ ಊದಿಕೊಂಡು ಕಪ್ಪಾದ ಬೇಳೆ.

“ದಾರಿ ಕ್ಲಿಯರ್ ಆಯ್ತು. ಇನ್ನು ಔಷಧಿ ಕೆಲಸ ಮಾಡತ್ತೆ.”

ಸಂಜೆ ಗೌತಮ್ ಒಡಕು ದನಿಯಲ್ಲಿ ಪಿಸುಗುಟ್ಟಿದ. “ಅಕ್ಕಾ, ನಾನು ಹೇಳಲಿಲ್ಲ ಅಲ್ವಾ?”

“ಇಲ್ಲ ಕಣೋ.”

“ಹಂಗಾದ್ರೆ ಎಂಟು ಗೋಲ್ ತಾನೇ?”

ಎರಡು ತಿಂಗಳು ಇವನ ಎದೆಯಲ್ಲಿ ಇದ್ದದ್ದು ಆ ಬೇಳೆಯೊಂದೇ ಅಲ್ಲ. ಕೀರ್ತನಾ ಬಗ್ಗಿ ಅವನ ಎದೆಯ ಬಲಗಡೆಗೆ ಮೆಲ್ಲನೆ ಕಿವಿಯಾನಿಸಿದಳು.

“ಏಯ್, ಕಚಗುಳಿ ಆಗತ್ತೆ ಕಣೇ!”

“ಸುಮ್ನಿರೋ. ಕೇಳಿಸ್ಕೋತಾ ಇದೀನಿ.”