ಎರಡು ಹಲ್ಲಿನ ತಪ್ಪು

ಬಾಗಿಲಿಗೆ ಅಡ್ಡವಾಗಿ ಯಾರೋ ನಿಂತರು. ಬೆಂಚಿನ ಮೇಲೆ ಬೀಳುತ್ತಿದ್ದ ಬೆಳಕು ಮರೆಯಾಯಿತು.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಕಾಣ್ತಿಲ್ಲ," ಎಂದಳು ಅವಳು, ತಲೆ ಎತ್ತದೆ.

ನಿಂತವನು ಸರಿದ. ಮಾತಾಡಲಿಲ್ಲ. ಅವಳ ಕೈ ತಡೆಯಿತು. ಇಷ್ಟು ಚೆನ್ನಾಗಿ ಸುಮ್ಮನಿರಬಲ್ಲವನು ಅವಳಿಗೆ ಗೊತ್ತಿದ್ದವರಲ್ಲಿ ಒಬ್ಬನೇ...

ಹೌದು, ಅವನೇ. ಆರು ವರ್ಷದ ಹಿಂದೆ ಇದೇ ಗ್ಯಾರೇಜಿನಲ್ಲಿ ಅಪ್ಪನ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಅವಳನ್ನು ಮದುವೆಯಾಗಬೇಕಿದ್ದವನು. ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಈಗ ಕಿವಿಯ ಬಳಿ ನಾಲ್ಕು ಬಿಳಿಕೂದಲು ಬಂದಿದ್ದವು, ಕೈಯಲ್ಲಿ ಎಣ್ಣೆ ಕಾಗದದ ಒಂದು ಪೊಟ್ಟಣವಿತ್ತು.

"ವಾಲ್ವ್ ತಂದಿದೀನಿ," ಎಂದ.

"ನಾನು ಹೇಳಿದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ."

"ಅವರು ಮಾಡೋಕೆ ಕೊಟ್ಟಿದ್ದು ನನ್ನ ಲೇತ್ ಅಂಗಡಿಗೆ. ಅಳತೆ ಬರೆದ ಚೀಟಿಯಲ್ಲಿ ನಿನ್ನ ಕೈಬರಹ ನೋಡಿದೆ... ನಾನೇ ತಂದುಕೊಡೋಣ ಅಂತ ಬಂದೆ."

ಅವಳು ಬಿಚ್ಚಿಟ್ಟಿದ್ದ ಹಳೆಯ ಬೈಕಿನ ವಾಲ್ವ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹೇಳಿಯೇ ಮಾಡಿಸಬೇಕು. ಹೋಗಿ ಹೋಗಿ ಇವನ ಕೈಯಲ್ಲೇ ಮಾಡಿಸಬೇಕಿತ್ತೇ? ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನಸ್ಸು 'ಹೋಗು' ಎಂದಿತು. ಬಾಯಿ ಬೇರೆಯದನ್ನೇ ಹೇಳಿತು.

"ಇರು, ಕೂರಿಸಿ ನೋಡ್ತೀನಿ. ಸರಿ ಇಲ್ಲದಿದ್ರೆ ವಾಪಸ್ ತಗೊಂಡು ಹೋಗೋಕೆ ನೀನಿರಬೇಕಲ್ಲ."

ಮೂಲೆಯ ಕುರ್ಚಿಯಲ್ಲಿ ರೇಡಿಯೋ ಕೇಳುತ್ತಾ ಕುಳಿತಿದ್ದ ಅಪ್ಪ ಕತ್ತು ತಿರುಗಿಸಿದ. ಅವನ ಕಣ್ಣು ಮಬ್ಬಾಗಿ ಎರಡು ವರ್ಷವಾಗಿತ್ತು.

"ಯಾವ ಬೈಕಿನ ವಾಲ್ವು ಪುಟ್ಟಿ?"

"ನಿಂದೇ ಅಪ್ಪಾ."

"ಅದನ್ನ ಬಿಚ್ಚಬೇಡ ಅಂತ ಎಷ್ಟು ಸಲ ಹೇಳಿದೀನಿ ನಿನಗೆ?"

ಅಪ್ಪನ ಈ ಮಾತನ್ನು ಅವಳು ನೋವೆಂದೇ ತಿಳಿದಿದ್ದಳು. ತೀರಿಹೋದ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿದ ಬೈಕು ಅದು. ಕಣ್ಣಿಗೆ ಕಾಣದಿದ್ದರೇನು, ಅದರ ಸದ್ದನ್ನಾದರೂ ಅಪ್ಪ ಇನ್ನೊಮ್ಮೆ ಕೇಳಲಿ ಎಂದೇ ಅವಳು ಹಟ ಹಿಡಿದು ಎಂಜಿನ್ ಬಿಚ್ಚಿದ್ದಳು.

ಮದುವೆ ಮುರಿದುಬಿದ್ದದ್ದೂ ಅದೇ ಬೈಕಿನಿಂದ. ಮೌನಿ ಬೇರೆ ಊರಿನಲ್ಲಿ ಸ್ವಂತ ಅಂಗಡಿ ಹಾಕಿ ಅವಳನ್ನು ಕರೆದುಕೊಂಡು ಹೋಗುವವನಿದ್ದ. ಅಪ್ಪ ಒಂದೇ ಷರತ್ತು ಹಾಕಿದ್ದ.

"ನನ್ನ ಬೈಕಿನ ಕ್ಯಾಮ್ ಟೈಮಿಂಗ್ ಕೂಡಿಸಿ ಸ್ಟಾರ್ಟ್ ಮಾಡಿ ತೋರಿಸು. ಆಮೇಲೆ ನನ್ನ ಮಗಳನ್ನ ಕರ್ಕೊಂಡು ಹೋಗು."

ಬಲ್ಲವನಿಗೆ ಅದು ಕಷ್ಟದ ಕೆಲಸವಲ್ಲ. ಎಂಜಿನ್ನಿನ ತಲೆಯಲ್ಲಿರುವ ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತದೆ. ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಕ್ಯಾಮಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಮೇಲಿರುವ ಚುಕ್ಕೆಯನ್ನು ಪಕ್ಕದ ಗೆರೆಗೆ ಕೂಡಿಸಿ ಚೈನ್ ಹಾಕಿದರೆ ಮುಗಿಯಿತು. ಎರಡು ಹಲ್ಲು ತಪ್ಪಿದರೆ ಮಾತ್ರ, ಏರಿ ಬರುವ ಪಿಸ್ಟನ್ ಇನ್ನೂ ಮುಚ್ಚದ ವಾಲ್ವಿಗೆ ಗುದ್ದುತ್ತದೆ.

ಅವತ್ತು ಹತ್ತು ಜನ ಸುತ್ತ ನಿಂತಿದ್ದರು. ಮೌನಿ ಚುಕ್ಕೆ ಕೂಡಿಸಿದ, ಮುಚ್ಚಳ ಹಾಕಿದ, ಕಿಕ್ ಹೊಡೆದ. ಒಳಗೆ ಲಟಕ್ಕೆಂದಿತು. ಎರಡೂ ವಾಲ್ವ್ ಡೊಂಕಾಗಿದ್ದವು.

ಅಪ್ಪ ಏನೂ ಹೇಳಲಿಲ್ಲ. ಹೇಳಿದ್ದು ಅವಳು.

"ಒಂದು ಚುಕ್ಕೆ ಕೂಡಿಸೋಕೆ ಬರದವನು ನನ್ನನ್ನೇನು ಬಾಳಿಸ್ತೀಯ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೌನಿ ಕೈ ಒರೆಸಿಕೊಂಡು ಹೊರಟವನು ತಿರುಗಿ ನೋಡಲಿಲ್ಲ. ನಾಳೆ ಬರುತ್ತಾನೆ, ನಾಡಿದ್ದು ಬರುತ್ತಾನೆ ಎಂದು ಕಾದು ಕಾದು ಅವಳೇ ಸ್ಪ್ಯಾನರ್ ಹಿಡಿದಳು. ಈಗ ಗ್ಯಾರೇಜು ನಡೆಯುತ್ತಿದ್ದುದು ಅವಳಿಂದ.

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ಅವಳು ವಾಲ್ವ್ ಕೂರಿಸಿ ಉಜ್ಜಿದಳು, ಅವಳು ಕೇಳುವ ಮೊದಲೇ ಅವನು ಬೇಕಾದ ಸ್ಪ್ಯಾನರ್ ಕೊಟ್ಟ. ಆರು ವರ್ಷ ಕಳೆದರೂ ಅವಳ ಕೈಗೆ ಯಾವಾಗ ಏನು ಬೇಕೆಂಬುದು ಇವನಿಗೆ ಮರೆತಿಲ್ಲವಲ್ಲ... ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಚುಕ್ಕೆಯನ್ನು ಗೆರೆಗೆ ಕೂಡಿಸಿ ಚೈನ್ ಹಾಕಿದಳು. ಕಿಕ್ ಹೊಡೆಯುವ ಮೊದಲು ಸ್ಪ್ಯಾನರ್ ಸಿಕ್ಕಿಸಿ ಎಂಜಿನ್ನನ್ನು ಕೈಯಾರೆ ಮೆಲ್ಲಗೆ ತಿರುಗಿಸಿದಳು.

ಟಕ್. ಮುಂದಕ್ಕೆ ಹೋಗಲಿಲ್ಲ.

"ನಿನ್ನ ವಾಲ್ವ್ ಉದ್ದ ಆಗಿದೆ," ಎಂದಳು. "ಅವತ್ತೂ ಅಷ್ಟೇ, ಇವತ್ತೂ ಅಷ್ಟೇ. ನಿನ್ನ ಕೈ ತಾಗಿದ್ದೆಲ್ಲ ಹೀಗೇನಾ?"

"ಅಳೆದು ನೋಡು." ಅವನ ದನಿ ಸಣ್ಣದಾಗಿತ್ತು.

ಮತ್ತೆ ಬಿಚ್ಚಿ ಅಳೆದಳು. ವಾಲ್ವ್ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚೈನ್ ಸರಿಯಿತ್ತು. ಚುಕ್ಕೆ ಗೆರೆಗೆ ನೇರವಾಗೇ ಕೂಡಿತ್ತು. ಹಾಗಿದ್ದರೆ ಚುಕ್ಕೆಯೇ...?

ಸ್ಪ್ರಾಕೆಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಾಗಿಲ ಬೆಳಕಿಗೆ ಹಿಡಿದಳು. ಚುಕ್ಕೆಯಿಂದ ಎರಡು ಹಲ್ಲು ಆಚೆಗೆ, ಅರದಲ್ಲಿ ಉಜ್ಜಿ ಅಳಿಸಿದ ಗೀರುಗಳಿದ್ದವು. ಹಳೆಯ ಚುಕ್ಕೆ ಅಲ್ಲಿತ್ತು! ಹೊಸ ಚುಕ್ಕೆ ದುಂಡಗಿರಲಿಲ್ಲ, ಒಂದು ಕಡೆ ಮುಕ್ಕಾಗಿತ್ತು. ಲೋಹಕ್ಕೆ ಚುಕ್ಕೆ ಹೊಡೆಯುವ ಪಂಚಿನ ತುದಿ ಮುರಿದಿದ್ದರೆ ಬೀಳುವ ಗುರುತು ಅದು. ಆ ಪಂಚನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಗ್ಯಾರೇಜಿನ ಒಂದೊಂದು ಸ್ಪ್ಯಾನರಿನ ಮೇಲೂ ಅದೇ ಮುಕ್ಕು ಚುಕ್ಕೆಯಿತ್ತು, ಕಳ್ಳತನವಾದರೆ ಗೊತ್ತಾಗಲಿ ಎಂದು ಅಪ್ಪನೇ ಹೊಡೆದದ್ದು.

ಅವಳು ಹೋಗಿ ರೇಡಿಯೋ ಆರಿಸಿದಳು.

"ಅಪ್ಪಾ, ಕೈ ಕೊಡು."

ಅಂಗೈಯಲ್ಲಿ ಸ್ಪ್ರಾಕೆಟ್ ಇಟ್ಟು, ಅವನ ಹೆಬ್ಬೆರಳನ್ನು ಚುಕ್ಕೆಯ ಮೇಲೆ ಒತ್ತಿದಳು. ಬೆರಳು ಅಲ್ಲೇ ನಿಂತಿತು.

"ಇದನ್ನ ಯಾರು ಹೊಡೆದಿದ್ದು?"

ಅಪ್ಪನ ಬೆರಳು ಮೆಲ್ಲಗೆ ಅಳಿಸಿದ ಗೀರುಗಳತ್ತ ಸರಿಯಿತು.

"ನಿಮ್ಮಮ್ಮ ಹೋದಮೇಲೆ ನನಗೆ ಅಂತ ಇದ್ದವಳು ನೀನೊಬ್ಬಳೇ," ಎಂದ ಕೊನೆಗೆ. "ಅವನು ಸೋಲ್ತಾನೆ, ನಾಚಿಕೊಂಡು ಇಲ್ಲೇ ಉಳೀತಾನೆ, ನೀವಿಬ್ಬರೂ ನನ್ನ ಕಣ್ಣ ಮುಂದೆ ಇರ್ತೀರ ಅಂದ್ಕೊಂಡೆ. ಊರು ಬಿಟ್ಟು ಹೋಗ್ತಾನೆ ಅಂದ್ಕೊಳ್ಳಲಿಲ್ಲ ಪುಟ್ಟಿ."

"ಆಮೇಲೆ ಹೇಳಬಹುದಿತ್ತಲ್ಲ ಅಪ್ಪಾ? ಆರು ವರ್ಷ ಇತ್ತು."

"ಮೊದಲನೇ ದಿನ ಹೇಳಲಿಲ್ಲ. ಆಮೇಲೆ ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಗ ಇನ್ನೊಂದು ವಿಷಯ ತಲೆಗೆ ಹೊಳೆದು, ಅವಳು ನಿಧಾನವಾಗಿ ಮೌನಿಯ ಕಡೆ ತಿರುಗಿದಳು.

"ಕಿಕ್ ಹೊಡೆಯೋ ಮೊದಲು ಕೈಯಲ್ಲಿ ತಿರುಗಿಸಿ ನೋಡು ಅಂತ ನನಗೆ ಕಲಿಸಿದವನು ನೀನು."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಅವತ್ತು ತಿರುಗಿಸಿ ನೋಡಿದ್ಯಾ?"

"ನೋಡಿದ್ದೆ."

"ತಾಗ್ತಾ?"

"ತಾಗ್ತು. ಚುಕ್ಕೆನೂ ನೋಡಿದೆ. ಯಾರು ಹೊಡೆದಿದ್ದು ಅಂತ ಗೊತ್ತಾಯ್ತು."

"ಗೊತ್ತಿದ್ದೂ ಕಿಕ್ ಹೊಡೆದ್ಯಾ!"

"ಹತ್ತು ಜನ ಇದ್ರು. ಮೇಸ್ತ್ರಿ ಮೋಸ ಮಾಡಿದ್ದಾರೆ ಅಂದಿದ್ರೆ ಅವರ ನಲವತ್ತು ವರ್ಷದ ಹೆಸರು ಅವತ್ತೇ ಹೋಗ್ತಿತ್ತು. ಕೆಲಸ ಕಲಿಸಿದ ಕೈ ಅದು." ಅವನು ತಡವರಿಸಿದ. "ಅದೂ ಅಲ್ಲದೆ... ನೀನು ಕೇಳ್ತೀಯ ಅಂದ್ಕೊಂಡಿದ್ದೆ. ಏನಾಯ್ತು, ನಿನ್ನ ಕೈ ಹೀಗೆ ತಪ್ಪೋದಲ್ಲವಲ್ಲ ಅಂತ... ಒಂದೇ ಒಂದು ಮಾತು. ನಿನಗೆ ನನ್ನ ಮೇಲೆ ಅಷ್ಟು ನಂಬಿಕೆ ಇದ್ರೆ ಸಾಕು ಅಂದ್ಕೊಂಡೆ."

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಯಾರೋ, ಅವರಿಗೆ ಮದುವೆಯಾಗಬೇಕಾದ ಹುಡುಗಿ ಇರಲಿಲ್ಲವೇನೋ. ಅವಳು ಸ್ಟೂಲ್ ಎಳೆದುಕೊಂಡು ಕುಳಿತಳು.

"ಅಪ್ಪ ನಿನಗೊಂದು ಪರೀಕ್ಷೆ ಇಟ್ಟ. ನೀನು ನನಗೊಂದು ಪರೀಕ್ಷೆ ಇಟ್ಟೆ. ಇಬ್ಬರೂ ಸೇರಿ ನನ್ನ ಬದುಕನ್ನ ಡೊಂಕು ಮಾಡಿದ್ರಿ. ಪರೀಕ್ಷೆ ಇದೆ ಅಂತ ನನಗೊಬ್ಬಳಿಗೆ ಯಾರೂ ಹೇಳಲಿಲ್ಲ." ಅವಳು ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. "ಹೇಳಿದ್ರೆ ಓದ್ಕೊಂಡಾದ್ರೂ ಬರ್ತಿದ್ದೆ."

ಯಾರೂ ನಗಲಿಲ್ಲ.

"ತಪ್ಪು ಮಾಡಿದೆ," ಎಂದ ಮೌನಿ. "ಊರು ಬಿಟ್ಟ ವಾರಕ್ಕೇ ಗೊತ್ತಾಯ್ತು. ವಾಪಸ್ ಬರೋಕೆ ಅಹಂಕಾರ ಬಿಡಲಿಲ್ಲ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಸ್ಪ್ರಾಕೆಟ್ಟನ್ನು ಅಪ್ಪನ ಕೈಯಿಂದ ತೆಗೆದುಕೊಂಡು, ಚುಕ್ಕೆಯನ್ನು ಬಿಟ್ಟು ಎರಡು ಹಲ್ಲು ಸರಿಸಿ ಗೀರುಗಳ ಜಾಗವನ್ನು ಗೆರೆಗೆ ಕೂಡಿಸಿದಳು. ಕೈಯಲ್ಲಿ ತಿರುಗಿಸಿದಳು. ಎಲ್ಲೂ ತಾಗಲಿಲ್ಲ. ಮೂರನೇ ಕಿಕ್ಕಿಗೆ ಎಂಜಿನ್ ಹಿಡಿಯಿತು, ಗ್ಯಾರೇಜಿನ ತಗಡೆಲ್ಲ ಅದುರಿತು. ಕುರ್ಚಿಯಲ್ಲಿ ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಈ ಸದ್ದು ಕೇಳಿದಾಗ ಅಪ್ಪನ ಮುಖ ಹೇಗಿರುತ್ತದೆ ಎಂದು ಎಷ್ಟೋ ತಿಂಗಳಿಂದ ಕನಸು ಕಂಡಿದ್ದವಳಿಗೆ ಈಗ ಆ ಕಡೆ ನೋಡಲು ಮನಸ್ಸೇ ಬರಲಿಲ್ಲ. ಎಂಜಿನ್ ಆರಿಸಿ ಹೊರಗೆ ಬಂದಳು.

ಮೌನಿ ಹಿಂದೆಯೇ ಬಂದ.

"ಮದುವೆ ಆಗ್ಲಿಲ್ಲ ನಾನು," ಎಂದ. "ಆಗೋಕೆ ಮನಸ್ಸಾಗಲಿಲ್ಲ. ನೀನಿಲ್ಲದೆ ನನಗೆ ಆಗಲ್ಲ. ಅದನ್ನ ಬಾಯಿಬಿಟ್ಟು ಹೇಳೋಕೇ ಬಂದಿದ್ದು, ವಾಲ್ವ್ ಒಂದು ನೆಪ."

ಈ ಮಾತನ್ನು ಆರು ವರ್ಷದ ಹಿಂದೆ ಆಡಿದ್ದರೆ... ಕಳೆದದ್ದನ್ನು ಯಾರು ತಂದುಕೊಡುತ್ತಾರೆ?

"ನನಗೂ ಆಗಲ್ಲ," ಎಂದಳು. "ಪ್ರೀತಿ ಎಷ್ಟಿದೆಯೋ ಅಷ್ಟೇ ಸಿಟ್ಟೂ ಇದೆ. ಅಪ್ಪನ ಮೇಲೂ ಇದೆ. ಆದ್ರೆ ಕಣ್ಣು ಕಾಣದವನನ್ನ ಬಿಟ್ಟು ಬರಲ್ಲ ನಾನು. ಎಲ್ಲಿದ್ರೂ ಅವನು ನಮ್ಮ ಜೊತೆಗೇ ಇರ್ತಾನೆ. ದಿನಾ ಅವನ ತಟ್ಟೆಗೆ ನೀನೂ ಬಡಿಸಬೇಕಾಗುತ್ತೆ. ಆಗುತ್ತಾ ನಿನ್ನ ಕೈಲಿ?"

ಹಳೆಯ ಮೌನಿಯಾಗಿದ್ದರೆ ಸುಮ್ಮನೆ ತಲೆಯಾಡಿಸುತ್ತಿದ್ದ. ಒಳಗೊಳಗೇ ಬೇಯುತ್ತಿದ್ದ. ಅವಳು ಅವನ ಬಾಯನ್ನೇ ನೋಡುತ್ತಾ ಕಾದಳು.

"ಇಲ್ಲ," ಎಂದ ಅವನು. "ಈಗ ಆಗಲ್ಲ. ಅವರ ಮುಖ ನೋಡಿದ್ರೆ ಮೈ ಉರಿಯುತ್ತೆ."

ಅವಳು ಅವನ ಮಸಿ ಹತ್ತಿದ ಕೈಯನ್ನು ತನ್ನ ಮಸಿ ಹತ್ತಿದ ಕೈಯಲ್ಲಿ ಹಿಡಿದುಕೊಂಡಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು.

"ನನಗೂ ಉರೀತಿದೆ ಕಣೋ," ಎಂದಳು. "ಬಾ, ಒಳಗೆ ಹೋಗಿ ಅವನ ಎದುರಿಗೇ ಹೇಳೋಣ."