ಅರ್ಧ ಮೊಟ್ಟೆಯ ಮೂಲೆ

ಸುತ್ತಿಗೆಯ ಏಟಿಗೆ ಇನ್ನೊಂದು ಗಾರೆಯ ಮೊಟ್ಟೆ ಒಡೆದು ಕೆಳಗೆ ಬಿತ್ತು. ಬಿಳಿ ಪುಡಿ ಲೈಬ್ರರಿಯ ಬೆಂಚುಗಳ ಮೇಲೆಲ್ಲ ಹಾರಿತು.

ಕೈ ತೊಳೆದುಕೊಂಡು ಬಂದ 'ಗಡಿಬಿಡಿ' ಬಾಗಿಲಲ್ಲೇ ಕಲ್ಲಾಗಿ ನಿಂತಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅಟ್ಟಣಿಗೆಯ ಮೇಲೆ ನಿಂತು ಒಡೆಯುತ್ತಿದ್ದವನು ಗಾರೆ ಕೆಲಸದ ಅವಳ ಮಾವ. ಒಡೆಯುತ್ತಿದ್ದುದು ಅವಳು ಅಂಟಿಸಿದ ಸಾಲು.

ಶಾಲೆಯ ಆ ಹಳೆಯ ಲೈಬ್ರರಿಯಲ್ಲಿ, ಗೋಡೆ ಛಾವಣಿಗೆ ತಾಗುವಲ್ಲಿ, ಸುತ್ತಲೂ ಗಾರೆಯ ಅಲಂಕಾರದ ಪಟ್ಟಿ ಇತ್ತು. ಒಂದು ಮೊಟ್ಟೆ, ಒಂದು ಬಾಣ, ಮತ್ತೆ ಮೊಟ್ಟೆ, ಮತ್ತೆ ಬಾಣ. ಬಾಗಿಲ ಪಕ್ಕದ ಚಿಕ್ಕ ಗೋಡೆಯಲ್ಲಿ ಮಾತ್ರ ಅದು ಉದುರಿಹೋಗಿತ್ತು. ಅದನ್ನು ಸರಿಮಾಡಲು ಬಂದ ಮಾವ ರಬ್ಬರ್ ಅಚ್ಚಿಗೆ ಪ್ಲಾಸ್ಟರ್ ಸುರಿದು ಹೊಸ ತುಂಡುಗಳನ್ನು ಮಾಡಿಟ್ಟಿದ್ದ. ಅವನು ಊಟಕ್ಕೆ ಹೋದದ್ದೇ ತಡ, ಇವಳು ಮೇಲೆ ಹತ್ತಿ, ಬಾಗಿಲ ಮೂಲೆಯಿಂದ ಶುರುಮಾಡಿ ಎಲ್ಲವನ್ನೂ ಅಂಟಿಸಿಬಿಟ್ಟಿದ್ದಳು. ಅದು ತನ್ನ ಸಾಲು, ನಾಳೆ ಬಂದು ನೋಡಿ ಎಂದು ಕ್ಲಾಸಿಗೆಲ್ಲ ಡಂಗುರ ಸಾರಿಯೂ ಆಗಿತ್ತು.

"ಮಾವ, ಅದು ನಂದು," ಎಂದಳು.

ಮಾವ ಸುತ್ತಿಗೆ ಇಳಿಸಿದ. ಬೈಯಲಿಲ್ಲ. ಮೇಲೆ ಕರೆದು ಕಿಟಕಿ ಕಡೆಯ ಮೂಲೆ ತೋರಿಸಿದ. ಅಲ್ಲಿ ಜಾಗ ಸಾಲದೆ, ಕೊನೆಯ ಮೊಟ್ಟೆಯನ್ನು ಅವಳು ಗರಗಸದಲ್ಲಿ ಕೊಯ್ದು ತುರುಕಿದ್ದಳು.

"ಯಾವ ಕೋಳಿ ಕಣೇ ಅರ್ಧ ಮೊಟ್ಟೆ ಇಡೋದು?"

ಅವಳಿಗೆ ನಗು ಬರಲಿಲ್ಲ. ಗೋಡೆಯ ನಡುವಿನಿಂದ ಹೊರಟು, ಸಂದುಗಳನ್ನು ಚೂರುಚೂರೇ ಹೊಂದಿಸುತ್ತ ಎರಡೂ ಕಡೆಗೆ ಹೋಗಬೇಕು, ಆಗಲೇ ಎರಡೂ ಮೂಲೆಗೆ ಇಡೀ ಮೊಟ್ಟೆ ಬರೋದು ಎಂದ ಮಾವ. ಗಟ್ಟಿಯಾದ ಮೇಲೆ ಒಡೆಯದೆ ಬೇರೆ ದಾರಿಯಿಲ್ಲವಂತೆ. ಹಾಗಾದರೆ ಮೊದಲ ಮೊಟ್ಟೆಯಿಂದಲೇ ತಪ್ಪು.

ಅವಳ ಮುಖ ನೋಡಿ ಮಾವ ಕರಗಿಹೋದ.

"ಹೋಗ್ಲಿ ಬಿಡು. ಒಡೆದ ಕಡೆ ಬೇರೆ ಮೊಟ್ಟೆ ಹಾಕ್ತೀನಿ. ಆ ಮೂಲೆಗೆ ಪ್ಲಾಸ್ಟರಿನ ಎಲೆ ಕೂರಿಸಿದ್ರೆ ಎಲ್ಲ ಮುಚ್ಚಿಹೋಗತ್ತೆ. ನಿನ್ನ ಸಾಲು ನಿನಗೇ ಇರ್ಲಿ."

ಅವಳು ಮೂಲೆ ನೋಡಿದಳು. ಆಮೇಲೆ ಎದುರು ಗೋಡೆ. ಯಾರೋ ಎಂದೋ ಮಾಡಿದ ಸಾಲು ಅಲ್ಲಿ ಎರಡೂ ಮೂಲೆಗಳಲ್ಲಿ ಇಡೀ ಮೊಟ್ಟೆಯಲ್ಲೇ ನಿಂತಿತ್ತು. ಅದರ ಕೆಳಗೇ ಕೂತು ಎಷ್ಟು ಪುಸ್ತಕ ಓದಿದ್ದಳು. ಆ ಮೂಲೆಗಳು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನು ಕಾಣದೆ ಇರುವುದಿಲ್ಲ.

"ಎಲೆ ತರ್ಲಾ?" ಎಂದ ಮಾವ.

"ಬೇಡ. ಸುತ್ತಿಗೆ ಕೊಡು."